ನಮ್ಮ ಕೈಯಾಗ ಏನದ?

ರಿಸಲ್ಟ್ ಬಂದ ದಿನ ಹಾಸ್ಟೆಲ್‌ನಿಂದ ಮನೆಗೆ ಫೋನ್ ಮಾಡ್ತೀವಿ. ಒಂದು ಸಬ್ಜೆಕ್ಟ್ ಹೋಗಿದೆ ಅಂದ್ರೆ ಆ ಕಡೆಯಿಂದ ಎರಡರಲ್ಲಿ ಒಂದು ಮಾತು ಬರುತ್ತದೆ: "ಹಣೆಬರಹ, ನಮ್ಮ ಕೈಯಾಗ ಏನದ?" ಅಥವಾ "ಎಲ್ಲಿ ತಪ್ಪಾತು ನೋಡ್ಕೋ, ಮತ್ತ ಬರೀ."

ಈ ಎರಡು ಮಾತುಗಳ ನಡುವಿನ ಅಂತರವನ್ನು ಮನೋವಿಜ್ಞಾನ 'ಲೋಕಸ್ ಆಫ್ ಕಂಟ್ರೋಲ್', ಅಂದರೆ ನಿಯಂತ್ರಣದ ನೆಲೆ ಎನ್ನುತ್ತದೆ. ಅಮೆರಿಕದ ಜೂಲಿಯನ್ ರಾಟರ್ 1966ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಫಲಿತಾಂಶಕ್ಕೆ ನನ್ನ ಪ್ರಯತ್ನ ಕಾರಣ ಎನ್ನುವವರದು ಒಳನೆಲೆ. ಅದೃಷ್ಟ, ವಿಧಿ, ದೊಡ್ಡವರ ಕೈವಾಡ ಎನ್ನುವವರದು ಹೊರನೆಲೆ. ನಮ್ಮಲ್ಲಿ ಬಹುತೇಕರು ಇವೆರಡರ ನಡುವೆ ಎಲ್ಲೋ ಇರ್ತೀವಿ.

ಇದು ಮಕ್ಕಳಿಗೂ ದಾಟುತ್ತದೆಯೇ? ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಹೆರಿಗೆಯಾಗಬೇಕಿದ್ದ ಸುಮಾರು 14,000 ಗರ್ಭಿಣಿಯರಿಂದ ಶುರುವಾದ ದೊಡ್ಡ ಅಧ್ಯಯನವೊಂದಿದೆ. ಅಲ್ಲಿ ಮಗು ಹುಟ್ಟುವ ಮೊದಲೇ ಹೆತ್ತವರ ನಿಯಂತ್ರಣದ ನೆಲೆಯನ್ನು ಅಳೆದಿದ್ದರು. ಹೊರನೆಲೆಯ ಹೆತ್ತವರ ಮಕ್ಕಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ನಡವಳಿಕೆಯ ತೊಂದರೆಗಳನ್ನು ಹೆಚ್ಚು ಗುರುತಿಸಿದರು. ಇದು ಸಂಬಂಧ ಮಾತ್ರ, ಇದೇ ಕಾರಣ ಅಂತ ಸಾಬೀತಾಗಿಲ್ಲ ಎಂಬುದು ನೆನಪಿರಲಿ.

ಈಗ ನಮ್ಮ ಜಿಲ್ಲೆಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿಯ ರೈತ "ನೀರು ನಮ್ಮ ಕೈಯಾಗಿಲ್ಲ" ಅಂದ್ರೆ ಅದು ಸತ್ಯವೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಅದರಲ್ಲಿ ಯಾವ ರೈತನ ತಪ್ಪಿತ್ತು? ದೇವದುರ್ಗದಿಂದ ಗುಳೆ ಹೋಗುವ ಕುಟುಂಬಕ್ಕೆ "ಮನಸ್ಸಿದ್ದರೆ ಮಾರ್ಗ" ಅಂತ ಬುದ್ಧಿ ಹೇಳುವುದು ಸುಲಭ, ನ್ಯಾಯವಲ್ಲ. ರಾಯಚೂರು ನಗರದಲ್ಲಿ ಟ್ಯೂಷನ್‌ಗೆ ಹೋಗಿ ಓದಿದವರಿಗೂ ಅವರಿಗೂ ಶುರುವಾದ ಗೆರೆ ಒಂದೇ ಅಲ್ಲ.

ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ನೆನಪಿಸಿಕೊಳ್ಳಿ. ಹೊರಗಿನಿಂದ ಬರುವ ಡಿಸ್ಟರ್ಬೆನ್ಸ್ ಅನ್ನು ಸೊನ್ನೆ ಮಾಡಲು ಆಗುವುದಿಲ್ಲ. ಔಟ್‌ಪುಟ್ ನೋಡಿ ಇನ್‌ಪುಟ್ ತಿದ್ದುವ ಫೀಡ್‌ಬ್ಯಾಕ್ ಇದ್ದರೆ ಸಿಸ್ಟಮ್ ದಾರಿ ತಪ್ಪದೆ ನಡೆಯುತ್ತದೆ. ನೀರು ಬರಲ್ಲ ಅಂತ ತಿಳಿದು ಭತ್ತ ಬಿಟ್ಟು ಜೋಳ ಬಿತ್ತುವ ಅಪ್ಪ, ಗುಳೆ ಹೋಗುವಾಗ ಶಾಲೆ ತಪ್ಪಬಾರದು ಅಂತ ಮಗಳನ್ನು ಅಜ್ಜಿ ಹತ್ತಿರ ಬಿಡುವ ಅವ್ವ ಮಾಡುವುದು ಅದನ್ನೇ. ಬಾಯಲ್ಲಿ "ಹಣೆಬರಹ" ಅಂದರೂ ಕೈ ಸುಮ್ಮನಿರುವುದಿಲ್ಲ. ಮಕ್ಕಳು ಆ ಕೈಯನ್ನು ನೋಡಿಯೇ ಕಲಿತಿರ್ತಾರೆ.

ಮುಂದಿನ ಸಲ ರಿಸಲ್ಟ್ ಬಂದಾಗ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡೋಣ: ಕೈಯಲ್ಲಿ ಇದ್ದದ್ದು, ಇಲ್ಲದ್ದು. ಆಮೇಲೆ ಮನೆಗೆ ಫೋನ್ ಮಾಡೋಣ.