ತೆರೆಮರೆಯ ಕೆಲಸ ನಿಂತಾಗ

ಗಣಕಯಂತ್ರದಲ್ಲಿ ನಮ್ಮ ಕಣ್ಣಿಗೆ ಬೀಳುವ ಕೆಲಸ ಸ್ವಲ್ಪ. ಕಾಣದೆ ನಡೆಯುವ ಕೆಲಸವೇ ಬಹಳ. ಮುದ್ರಣವಾಗಬೇಕಾದ ಹಾಳೆಗಳನ್ನು ಸರತಿಯಲ್ಲಿ ನಿಲ್ಲಿಸುವುದು, ಗಡಿಯಾರದ ವೇಳೆಯನ್ನು ಸರಿಪಡಿಸುವುದು ಮೊದಲಾದವನ್ನು ತೆರೆಮರೆಯ ಪ್ರೋಗ್ರಾಮುಗಳು ನಡೆಸುತ್ತಿರುತ್ತವೆ. ಇಂತಹದೊಂದು ಪದೇ ಪದೇ ತಾನಾಗಿ ನಿಂತುಹೋದರೆ ಕಾರಣವನ್ನು ಕಂಡುಹಿಡಿಯುವ ಬಗೆ ಹೇಗೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಓದುತ್ತಿರುವುದು ಕಲಾ ವಿಭಾಗದಲ್ಲಿ. ಆದುದರಿಂದ ಈ ಪ್ರಶ್ನೆಯನ್ನು ನಮ್ಮ ಚಿನ್ನದ ಗಣಿಯ ಇತಿಹಾಸದ ಮೂಲಕವೇ ವಿಚಾರ ಮಾಡುತ್ತೇನೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್ ತಿಂಗಳಿನಲ್ಲಿ ಕೋಲಾರದ ಗಣಿಗಳಿಗೆ ವಿದ್ಯುತ್ತು ಬಂದಿತು. ತಂತಿಯ ಉದ್ದ ಸುಮಾರು 147 ಕಿಲೋಮೀಟರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ಅನಂತರ, 1905ರಲ್ಲಿ. ಗಣಿಯಲ್ಲಿ ಎಲ್ಲರಿಗೂ ಕಾಣುತ್ತಿದ್ದುದು ಚಿನ್ನ. ಅದಿರನ್ನು ಕುಟ್ಟುವ ಯಂತ್ರಕ್ಕೆ ಬಲ ಕೊಡುತ್ತಿದ್ದ ಕಾವೇರಿ ಯಾರಿಗೂ ಕಾಣುತ್ತಿರಲಿಲ್ಲ.

ಆದರೆ ಶಿವನಸಮುದ್ರದಲ್ಲಿ ಇದ್ದುದು ಹರಿಯುವ ನೀರನ್ನು ತಿರುಗಿಸುವ ಕಟ್ಟೆಯೇ ಹೊರತು ನೀರನ್ನು ಕೂಡಿಡುವ ಜಲಾಶಯವಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಆಗ ಗಣಿಯಲ್ಲಿ ನಿಂತು ಮೋಟಾರನ್ನು ಬಿಚ್ಚಿ ನೋಡಿದರೆ ದೋಷ ಸಿಕ್ಕೀತೇ? ಮೋಟಾರು ಸರಿ, ತಂತಿ ಸರಿ, ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವೂ ಸರಿ. ಕೊರತೆ ಇದ್ದುದು ಹೊಳೆಯಲ್ಲಿ! ಕನ್ನಂಬಾಡಿಯಲ್ಲಿ 1911ರಲ್ಲಿ ಅಣೆಕಟ್ಟಿನ ಕೆಲಸ ಪ್ರಾರಂಭವಾದುದಕ್ಕೆ ಬೇಸಾಯದ ಜೊತೆಗೆ ಇದೂ ಒಂದು ಮುಖ್ಯ ಕಾರಣ. ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನಾಗಿ ನೀರು ಒದಗಬೇಕಾಗಿತ್ತು. ಶ್ರೀ ವಿಶ್ವೇಶ್ವರಯ್ಯನವರು ರೋಗ ಕಾಣಿಸಿಕೊಂಡ ಕಡೆ ಮದ್ದು ಹಚ್ಚಲಿಲ್ಲ. ರೋಗದ ಮೂಲಕ್ಕೆ ಹೋದರು.

ಗಣಕಯಂತ್ರಕ್ಕೂ ಇದೇ ನ್ಯಾಯ. ಕೆಲಸ ನಿಂತಿತೆಂದರೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು.

ಒಂದನೆಯದು: ಅದು ತಾನಾಗಿ ಬಿದ್ದಿತೇ, ಅಥವಾ ಯಾರಾದರೂ ನಿಲ್ಲಿಸಿದರೇ? ಯಂತ್ರವು ಬರೆದಿಡುವ ದಿನಚರಿಯಲ್ಲಿ, ಅಂದರೆ ಲಾಗ್‌ನಲ್ಲಿ, ನಿಂತ ವೇಳೆಯೂ ನಿಂತ ಬಗೆಯೂ ಸಾಮಾನ್ಯವಾಗಿ ದಾಖಲಾಗಿರುತ್ತವೆ. ಅದನ್ನು ಓದದೆ ಮುಂದಿನ ಹೆಜ್ಜೆ ಇಡಬಾರದು.

ಎರಡನೆಯದು: ದೋಷ ಅದರದೇ ಆಗಿದೆಯೇ? ಪ್ರೋಗ್ರಾಮಿನಲ್ಲಿಯೇ ತಪ್ಪಿರಬಹುದು, ಅದಕ್ಕೆ ಕೊಟ್ಟ ಸೂಚನೆಗಳಲ್ಲಿ ಒಂದು ಅಕ್ಷರ ವ್ಯತ್ಯಾಸವಾಗಿರಬಹುದು.

ಮೂರನೆಯದು: ಅದು ಯಾವುದನ್ನು ನಂಬಿಕೊಂಡಿದೆ? ಲಿನಕ್ಸ್ ವ್ಯವಸ್ಥೆಯಲ್ಲಿ ಮೆಮೊರಿ ಪೂರ್ತಿ ಮುಗಿದಾಗ, ವ್ಯವಸ್ಥೆಯೇ ಒಂದು ಪ್ರೋಗ್ರಾಮನ್ನು ಆರಿಸಿ ಕೊನೆಗಾಣಿಸುತ್ತದೆ. ಸಾಮಾನ್ಯವಾಗಿ ಹೆಚ್ಚು ಜಾಗ ಹಿಡಿದದ್ದು ಬಲಿಯಾಗುತ್ತದೆ; ಮಿತಿಮೀರಿ ಕೇಳಿದ್ದು ಇನ್ನೊಂದಾಗಿರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ನಿಂತದ್ದನ್ನು ಮತ್ತೆ ಚಾಲೂ ಮಾಡಿಬಿಡುವುದು ಸುಲಭ. ಆದರೆ ಅದು ಪರಿಹಾರವಲ್ಲ. ಲಿನಕ್ಸಿನ ಮೇಲ್ವಿಚಾರಕ ಪ್ರೋಗ್ರಾಮಾದ ಸಿಸ್ಟಮ್‌ಡಿಗೂ ಈ ವಿವೇಕವಿದೆ. ಬಿದ್ದುದನ್ನು ತಾನಾಗಿ ಎಬ್ಬಿಸುವಂತೆ ಅದಕ್ಕೆ ಹೇಳಿಡಬಹುದು. ಆದರೂ ಬೇರೆ ಸೂಚನೆ ಕೊಡದಿದ್ದರೆ, 10 ಸೆಕೆಂಡುಗಳಲ್ಲಿ 5 ಸಲ ಪ್ರಾರಂಭಿಸಿದ ಮೇಲೆ ಅದು ಕೈಬಿಡುತ್ತದೆ. ಅಲ್ಲಿಂದ ಮುಂದೆ ಮನುಷ್ಯನೇ ಬಂದು ವಿಚಾರಿಸಬೇಕು.

ಮೊದಲನೆಯ ಪ್ರಶ್ನೆಗೆ ನಮ್ಮ ಊರೇ ನಿದರ್ಶನ. 2001ರಲ್ಲಿ ಗಣಿ ಮುಚ್ಚಿದುದು ಯಂತ್ರ ಕೆಟ್ಟುದರಿಂದಲ್ಲ. ನಷ್ಟದ ಲೆಕ್ಕ ಹಾಕಿ ಆಜ್ಞೆಯಿಂದ ನಿಲ್ಲಿಸಿದರು. ನೀರೆತ್ತುವ ಪಂಪುಗಳು ನಿಂತವು. 3 ಕಿಲೋಮೀಟರಿಗೂ ಆಳವಾದ ಸುರಂಗಗಳಲ್ಲಿ ನೀರು ತುಂಬಿತು. ಇಂದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದಿನವೂ ರೈಲಿನಲ್ಲಿ ದುಡಿಯಲು ಹೋಗುವವರನ್ನು ಕಂಡರೆ, ಆ ಪಂಪುಗಳ ಮೇಲೆ ಎಷ್ಟು ಸಂಸಾರಗಳು ನಿಂತಿದ್ದವೆಂದು ತಿಳಿಯುತ್ತದೆ. ತಾನಾಗಿ ನಿಂತದ್ದಕ್ಕೆ ದುರಸ್ತಿ ಬೇಕು. ನಿಲ್ಲಿಸಿದ್ದಕ್ಕೆ ನಿಲ್ಲಿಸಿದವರಿಂದ ಉತ್ತರ ಬೇಕು. ಈ ಎರಡರ ಭೇದವನ್ನು ಅರಿಯುವುದೇ ಪರೀಕ್ಷಕನ ಮೊದಲ ಕರ್ತವ್ಯ.