ಮಧುಮೇಹಿಗಳ ಪಾದದ ಹುಣ್ಣು: ಶ್ರವಣಾತೀತ ಧ್ವನಿಯ ಚಿಕಿತ್ಸೆ

ಮಧುಮೇಹವು ದೀರ್ಘಕಾಲ ಹತೋಟಿ ತಪ್ಪಿದರೆ ಪಾದದ ಸ್ಪರ್ಶಜ್ಞಾನವೂ ರಕ್ತಸಂಚಾರವೂ ಕುಂದುತ್ತವೆ. ಆಗ ಚಪ್ಪಲಿ ಕಚ್ಚಿದ ಗಾಯವೂ ನೋವಿಲ್ಲದೆಯೇ ಹುಣ್ಣಾಗಬಹುದು. ನಿರ್ಲಕ್ಷಿಸಿದರೆ ಕಾಲನ್ನೇ ಕತ್ತರಿಸಬೇಕಾದೀತು.

ಸೆಕೆಂಡಿಗೆ 20,000ಕ್ಕೂ ಹೆಚ್ಚು ಕಂಪನಗಳುಳ್ಳ, ಕಿವಿಗೆ ಕೇಳಿಸದ ಧ್ವನಿಯು ಅಲ್ಟ್ರಾಸೌಂಡ್ ಎಂದು ಪರಿಚಿತವಾಗಿದೆ. ಒಂದು ವಿಧಾನದಲ್ಲಿ ಸುಮಾರು 40,000 ಕಂಪನಗಳ ಧ್ವನಿಯನ್ನು ಸಲೈನ್ ದ್ರಾವಣದ ತುಂತುರಿನ ಮೂಲಕ ಹುಣ್ಣಿಗೆ ಹಾಯಿಸಲಾಗುತ್ತದೆ. ಇದರಿಂದ ಹುಣ್ಣಿಗೆ ಅಂಟಿದ ಕೊಳೆತ ಅಂಶವೂ ರೋಗಾಣುಗಳೂ ಸಡಿಲಗೊಳ್ಳುತ್ತವೆ.

ಆದರೆ ವೈದ್ಯರು ಶಸ್ತ್ರೋಪಕರಣದಿಂದ ಸತ್ತ ಅಂಗಾಂಶವನ್ನು ತೆಗೆಯುವ ಕ್ರಮಕ್ಕೆ ಬದಲಾಗಿ ಇದನ್ನು ಬಳಸಬೇಕೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಶಿಫಾರಸು ಮಾಡಿಲ್ಲ. ಹುಣ್ಣಿನ ಮೇಲೆ ಭಾರ ಬೀಳದಂತೆ ತಡೆಯುವುದು, ಸೋಂಕಿನ ಚಿಕಿತ್ಸೆ, ರಕ್ತಸಂಚಾರದ ಪರೀಕ್ಷೆ, ಸಕ್ಕರೆಯ ಹತೋಟಿ ಇವೇ ಮುಖ್ಯ. ಮಧುಮೇಹಿಗಳು ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಗಾಯ ಕಂಡಲ್ಲಿ, ನೋವಿಲ್ಲದಿದ್ದರೂ, ಕೂಡಲೇ ವೈದ್ಯರನ್ನು ಕಾಣಬೇಕು.