ತಂತಿಯನ್ನು ಅಳೆದ ಉಪಾಧ್ಯಾಯ

ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಬೀಗಗಳನ್ನು ಮಾಡಿ ಜೀವಿಸುತ್ತಿದ್ದ ಕಸುಬುದಾರನೊಬ್ಬನಿದ್ದನು. ಅವನು ಸ್ವಪ್ರಯತ್ನದಿಂದ ಗಣಿತವನ್ನು ಕಲಿತು, ತನ್ನ ಮಕ್ಕಳಿಗೂ ತಾನೇ ಬೋಧಿಸಿದನು. 1789ರಲ್ಲಿ ಜನಿಸಿದ ಜಾರ್ಜ್ ಸೈಮನ್ ಓಮ್ ಆ ಮಕ್ಕಳಲ್ಲಿ ಒಬ್ಬನು.

1817ರಲ್ಲಿ ಓಮನು ಕಲೋನ್ ನಗರದ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾದನು. ಅಲ್ಲಿನ ಪ್ರಯೋಗಾಲಯವೇ ಅವನ ತಪೋಭೂಮಿಯಾಯಿತು. ತಂತಿಯಲ್ಲಿ ವಿದ್ಯುತ್ತು ಹರಿಯುವುದು ಆಗ ವಿದ್ವಾಂಸರಿಗೆಲ್ಲ ತಿಳಿದಿತ್ತು. ಎಷ್ಟು ಹರಿಯುತ್ತದೆ, ಅದು ಯಾವುದನ್ನು ಅವಲಂಬಿಸಿದೆ ಎಂಬುದು ಸ್ಪಷ್ಟವಾಗಿರಲಿಲ್ಲ. ಅಂದಿನ ವಿದ್ಯುತ್ಕೋಶಗಳ ಬಲ ಏರಿಳಿಯುತ್ತಿತ್ತು. ತೂಕದ ಕಲ್ಲೇ ಹಿಗ್ಗಿ ಕುಗ್ಗಿದರೆ ಸರಕನ್ನು ತೂಗುವುದೆಂತು? ಓಮನು ಕೋಶವನ್ನು ಬದಿಗಿರಿಸಿ ಉಷ್ಣಯುಗ್ಮವನ್ನು ಬಳಸಿದನು. ಬಿಸ್ಮತ್ ಮತ್ತು ತಾಮ್ರಗಳು ಕೂಡುವ ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದಾಗ ಬಲವು ಸ್ಥಿರವಾಗಿ ನಿಂತಿತು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಕಾಂತಸೂಜಿಯ ನೆರವಿನಿಂದ ಪ್ರವಾಹವನ್ನು ಅಳೆದನು. ತಂತಿ ಉದ್ದವಾದಂತೆ ಪ್ರವಾಹ ಕುಗ್ಗಿತು. ಕುಗ್ಗುವುದರಲ್ಲಿಯೂ ಒಂದು ನಿಯಮ ಕಂಡುಬಂದಿತು. ಉಷ್ಣತೆ ಬದಲಾಗದಿದ್ದರೆ ವಾಹಕದಲ್ಲಿನ ಪ್ರವಾಹವು ಅದರ ತುದಿಗಳ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ಬರುವುದೇ ವಾಹಕದ ರೋಧ.

1827ರಲ್ಲಿ ಪ್ರಕಟವಾದ ಓಮನ ಗ್ರಂಥವನ್ನು ಅವನ ನಾಡಿನ ಕೆಲವು ಪಂಡಿತರು ಹೀನಾಯವಾಗಿ ಕಂಡರು. ಮನನೊಂದ ಓಮನು ಕಲೋನಿನ ಕೆಲಸಕ್ಕೆ ರಾಜೀನಾಮೆ ನೀಡಿದನು. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ನೆಲೆ ದೊರೆಯುವವರೆಗೆ ಅವನಿಗೆ ತಕ್ಕ ಹುದ್ದೆ ಇರಲಿಲ್ಲ. 1841ರಲ್ಲಿ ಕಾಪ್ಲಿ ಪದಕವಿತ್ತು ಗೌರವಿಸಿದ್ದು ಲಂಡನ್ನಿನ ರಾಯಲ್ ಸೊಸೈಟಿ, ಅಂದರೆ ಪರದೇಶದ ಸಂಸ್ಥೆ! 1852ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕ ಪದವಿ ಬಂದಿತು. ಎರಡೇ ವರ್ಷಗಳಲ್ಲಿ ಅವನು ತೀರಿಕೊಂಡನು.

ಈಗ ಮನೆಯ ಒಂದು ಲೆಕ್ಕವನ್ನು ನೋಡೋಣ. 230 ವೋಲ್ಟ್ ವಿಭವಾಂತರದಲ್ಲಿ ನೀರು ಕಾಯಿಸುವ ಹೀಟರಿನಲ್ಲಿ 5 ಆಂಪಿಯರ್ ಪ್ರವಾಹ ಹರಿಯುತ್ತದೆ. 230ನ್ನು 5ರಿಂದ ಭಾಗಿಸಿದರೆ ರೋಧ 46 ಓಮ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ 1150 ವಾಟ್. ಅದೇ ಮನೆಯ ತಂತುದೀಪದಲ್ಲಿ ಹರಿಯುವ ಪ್ರವಾಹ ಕಾಲು ಆಂಪಿಯರ್ ಮಾತ್ರ. ಆದುದರಿಂದ ರೋಧ 920 ಓಮ್, ಸಾಮರ್ಥ್ಯ 57.5 ವಾಟ್. ರೋಧ ಹೆಚ್ಚಿದ್ದಲ್ಲಿ ಶಾಖವೂ ಹೆಚ್ಚೆಂದು ಭಾವಿಸುವವರು ಇಲ್ಲಿ ತಪ್ಪುತ್ತಾರೆ. ವಿಭವಾಂತರ ಒಂದೇ ಆಗಿರುವಾಗ ರೋಧ ಕಡಿಮೆಯಾದಷ್ಟೂ ಸಾಮರ್ಥ್ಯ ಹೆಚ್ಚು. ದೀಪದ 920 ಓಮ್ ಉರಿಯುವಾಗಿನ ರೋಧವೆಂಬುದನ್ನು ಮರೆಯಬಾರದು. ಆರಿ ತಣ್ಣಗಾದ ತಂತುವಿನ ರೋಧ ಅದಕ್ಕಿಂತ ಬಹಳ ಕಡಿಮೆ.

ಪ್ರವಾಹವೇ ಒಂದೆಂದು ಗೊತ್ತಾದಲ್ಲಿ ಮಾತು ಬೇರೆ. ಆಗ ವ್ಯಯವಾಗುವ ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಲು 140 ಕಿಲೋಮೀಟರಿಗೂ ಹೆಚ್ಚು ದೂರ ತಂತಿಯಲ್ಲಿ ಸಾಗಬೇಕಾಗಿತ್ತು. ತಂತಿಯ ರೋಧವನ್ನು ಇಲ್ಲವಾಗಿಸಲಾಗದು, ಪ್ರವಾಹವನ್ನು ತಗ್ಗಿಸಬಹುದು. ವಿಭವಾಂತರವನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯವನ್ನು ಹತ್ತನೆಯ ಒಂದು ಭಾಗದ ಪ್ರವಾಹ ಹೊತ್ತೊಯ್ಯುತ್ತದೆ. ದಾರಿಯಲ್ಲಿ ಶಾಖವಾಗಿ ಸೋರುವುದು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ತಂತಿಗಳಲ್ಲಿ ವಿದ್ಯುತ್ತನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿ ಕಳುಹಿಸಿದ್ದು ಈ ಲೆಕ್ಕದಿಂದಲೇ.